ಗ್ರಾಫ್, ನೆಟ್‌ವರ್ಕ್ ಮೇಲಿನ ಕಾಂಬಿನೇಟೋರಿಯಲ್ ಆಪ್ಟಿಮೈಸೇಷನ್ ಕೋರ್ಸ್: ಒಂದು ಸೆಮಿಸ್ಟರ್ ಕೂತು ಕಲಿತ ಮೇಲೆ

ಗ್ರಾಫ್ ಅಂದ್ರೆ ಒಂದಷ್ಟು ಬಿಂದು (ನೋಡ್), ಅವನ್ನ ಜೋಡಿಸೋ ಗೆರೆ (ಎಡ್ಜ್); ಅದರ ಮೇಲೆ ಎಲ್ಲಕ್ಕಿಂತ ಒಳ್ಳೇ ಆಯ್ಕೆ ಹುಡುಕೋದೇ ಈ ಕೋರ್ಸ್. ಎಂಎಸ್ಸಿ ಕೊನೇ ವರ್ಷ ಎಲೆಕ್ಟಿವ್ ಆಗಿ ಇದನ್ನ ತಗೊಂಡಿದ್ದೆ, ಪರೀಕ್ಷೆ ಮುಗಿದು ತಿಂಗಳಾಯ್ತು, ಇನ್ನೂ ತಲೇಲಿ ಅದೇ ಓಡ್ತಿದೆ. ತಗೋಬೇಕಾ ಬೇಡ್ವಾ ಅಂತ ಜೂನಿಯರ್‌ಗಳು ಕೇಳ್ತಿದಾರೆ, ಅದಕ್ಕೆ ಬರೀತಿದೀನಿ. ತಗೊಳ್ಳಿ. ಆದ್ರೆ ಲೀನಿಯರ್ ಪ್ರೋಗ್ರಾಮಿಂಗ್ ಡ್ಯುಯಾಲಿಟಿ (ಒಂದು ಲೆಕ್ಕದ ಗರಿಷ್ಠ ಉತ್ತರ ಅದರ ಜೋಡಿ ಲೆಕ್ಕದ ಕನಿಷ್ಠಕ್ಕೆ ಸಮ ಅನ್ನೋದು) ಒಂದ್ಸಲ ಓದ್ಕೊಂಡೇ ಹೋಗಿ, ಮೇಷ್ಟ್ರು ಅದು ಎಲ್ರಿಗೂ ಗೊತ್ತು ಅಂದ್ಕೊಂಡೇ ಪಾಠ ಶುರು ಮಾಡ್ತಾರೆ.

ಮೊದಲ ಎರಡು ವಾರ ಸ್ಪ್ಯಾನಿಂಗ್ ಟ್ರೀ (ಎಲ್ಲಾ ನೋಡ್‌ಗಳನ್ನ ಸುತ್ತು ಇಲ್ಲದೆ ಜೋಡಿಸೋ ಎಡ್ಜ್‌ಗಳು), ಶಾರ್ಟೆಸ್ಟ್ ಪಾತ್. ಕ್ರಸ್ಕಲ್, ಪ್ರಿಮ್, ಡೈಕ್‌ಸ್ಟ್ರಾ ಅಲ್ಗಾರಿದಮ್ ಎಲ್ಲಾ ಡಿಗ್ರೀಲೇ ಮಾಡಿರ್ತೀವಿ. ಬೊರುವ್ಕ ಅನ್ನೋರು 1926ರಲ್ಲೇ ಕರೆಂಟ್ ಲೈನ್ ಎಳೆಯೋ ಲೆಕ್ಕಕ್ಕೆ ಅತಿ ಕಮ್ಮಿ ಖರ್ಚಿನ ಸ್ಪ್ಯಾನಿಂಗ್ ಟ್ರೀ ಬಿಡಿಸಿದ್ರು ಅನ್ನೋದಷ್ಟೇ ನನಗೆ ಹೊಸದು.

ಕೋರ್ಸಿನ ಜೀವ ಇರೋದು ಮ್ಯಾಕ್ಸ್ ಫ್ಲೋದಲ್ಲಿ, ಅಂದ್ರೆ ಸೋರ್ಸ್ ಅನ್ನೋ ನೋಡಿಂದ ಸಿಂಕ್ ಅನ್ನೋ ನೋಡಿಗೆ, ಪ್ರತಿ ಎಡ್ಜ್‌ನ ಮಿತಿ (ಕೆಪಾಸಿಟಿ) ಮೀರದೆ ಎಷ್ಟು ಜಾಸ್ತಿ ಕಳಿಸ್ಬಹುದು ಅನ್ನೋ ಲೆಕ್ಕ. ಬೋರ್ಡ್ ಮೇಲೆ ನಾಲ್ಕೇ ನೋಡ್ ಬರೆದ್ರು, ಸೋರ್ಸ್, ಸಿಂಕ್, ನಡುವೆ ಎ ಮತ್ತೆ ಬಿ. ಹೊರಗಿನ ನಾಲ್ಕು ಎಡ್ಜ್‌ಗೂ ಕೆಪಾಸಿಟಿ 1000, ಎ ಇಂದ ಬಿಗೆ ಹೋಗೋ ಒಂದಕ್ಕೆ ಮಾತ್ರ 1. ಫೋರ್ಡ್-ಫುಲ್ಕರ್ಸನ್ ವಿಧಾನ (ಜಾಗ ಇರೋ ದಾರಿ ಹುಡುಕಿ ಹುಡುಕಿ ಫ್ಲೋ ಹೆಚ್ಚಿಸೋದು) ಮಾಡೋವಾಗ ಪ್ರತಿ ಸಲ ಆ ನಡುವಿನ ಎಡ್ಜ್ ಮೇಲೇ ಹೋದ್ರೆ, ಒಂದ್ಸಲ ಮುಂದಕ್ಕೆ ಇನ್ನೊಂದ್ಸಲ ವಾಪಸ್, ಹೀಗೆ ಒಂದೊಂದೇ ಯೂನಿಟ್ ಸೇರ್ಕೊಂಡು ಒಟ್ಟು 2000 ಸುತ್ತು. ಎಡ್ಜ್ ಕಮ್ಮಿ ಇರೋ ದಾರಿ ಹಿಡಿದ್ರೆ ಎರಡೇ ಸುತ್ತು! ಎಡ್ಜ್ ಕಮ್ಮಿ ಇರೋ ದಾರೀನೇ ಹಿಡೀರಿ ಅನ್ನೋ 1972ರ ಎಡ್ಮಂಡ್ಸ್-ಕಾರ್ಪ್ ಪೇಪರ್ ಯಾಕೆ ಬೇಕಾಯ್ತು ಅಂತ ಅಷ್ಟರಲ್ಲೇ ಅರ್ಥ ಆಯ್ತು. ಆಮೇಲೆ ಸೋರ್ಸಿಂದ ಹೊರಡೋ ಎರಡು ಎಡ್ಜ್‌ಗೆ ಅಡ್ಡ ಗೆರೆ ಎಳೆದು ಕೆಪಾಸಿಟಿ ಕೂಡಿಸಿದ್ರು, ಸೋರ್ಸನ್ನ ಸಿಂಕಿಂದ ಬೇರ್ಪಡಿಸೋ ಈ ಕಟ್ 2000, ಫ್ಲೋನೂ 2000. ಇದಕ್ಕಿಂತ ಒಂದು ಯೂನಿಟ್ಟೂ ಜಾಸ್ತಿ ಕಳ್ಸಕ್ಕಾಗಲ್ಲ ಅನ್ನೋದಕ್ಕೆ ಆ ಗೆರೆಯೇ ಸಾಕ್ಷಿ. ಉತ್ತರ ಹುಡುಕೋದು ಒಂದು, ಇದಕ್ಕಿಂತ ಒಳ್ಳೇ ಉತ್ತರ ಇರಕ್ಕೇ ಸಾಧ್ಯ ಇಲ್ಲ ಅಂತ ಬೇರೆಯವರಿಗೆ ತೋರಿಸ್ಕೊಡೋದು ಇನ್ನೊಂದು, ಈ ಎರಡನೇದನ್ನ ನನಗೆ ಬೇರೆ ಯಾವ ಕೋರ್ಸೂ ಇಷ್ಟು ಚೆನ್ನಾಗಿ ಕಲಿಸಿರ್ಲಿಲ್ಲ.

ಮ್ಯಾಚಿಂಗ್‌ನಲ್ಲೂ (ನೋಡ್‌ಗಳನ್ನ ಎಡ್ಜ್ ಮೂಲಕ ಎರಡೆರಡಾಗಿ ಜೋಡಿ ಮಾಡೋದು) ಅದೇ ಎಳೆ. ಬೈಪಾರ್ಟೈಟ್ ಗ್ರಾಫಲ್ಲಿ (ಎರಡು ಗುಂಪು, ಎಡ್ಜ್ ಗುಂಪುಗಳ ನಡುವೆ ಮಾತ್ರ) ಕೋನಿಗ್ ಪ್ರಮೇಯದ ಪ್ರಕಾರ ಅತಿ ದೊಡ್ಡ ಮ್ಯಾಚಿಂಗೂ ಅತಿ ಚಿಕ್ಕ ವರ್ಟೆಕ್ಸ್ ಕವರೂ (ಪ್ರತಿ ಎಡ್ಜನ್ನೂ ಮುಟ್ಟೋ ನೋಡ್‌ಗಳ ಗುಂಪು) ಸರಿಸಮ ಆಗುತ್ತೆ, ಆದ್ರೆ ಒಂದು ತ್ರಿಕೋನ ತಗೊಳ್ಳಿ, ಮ್ಯಾಚಿಂಗ್ 1, ಕವರ್‌ಗೆ 2 ಬೇಕು, ಸಾಕ್ಷಿ ಕೈ ಕೊಡ್ತು. ಅಲ್ಲಿಂದ ಎಡ್ಮಂಡ್ಸ್ 1965ರಲ್ಲಿ ಕೊಟ್ಟ ಬ್ಲಾಸಮ್ ಅಲ್ಗಾರಿದಮ್‌ಗೆ ಬರ್ತಾರೆ, ಬೆಸ ಸೈಕಲ್ ಸಿಕ್ಕಾಗ ಅದನ್ನ ಮಡಚಿ ಒಂದೇ ನೋಡ್ ಮಾಡ್ಕೊಂಡು ಮುಂದೆ ಹೋಗೋದು. ಯಾವ ಗ್ರಾಫಲ್ಲಾದ್ರೂ ಅತಿ ದೊಡ್ಡ ಮ್ಯಾಚಿಂಗ್ ಎಷ್ಟು ಅಂತ ಹೇಳೋ ಟಟ್-ಬರ್ಜ್ ಸೂತ್ರ ಬಂದಾಗ ಸಾಕ್ಷಿ ವಾಪಸ್ ಸಿಗುತ್ತೆ, ತ್ರಿಕೋನಕ್ಕಾದ್ರೆ ಸುಮ್ನೆ ಇಷ್ಟೇ: ಮೂರರಲ್ಲಿ ಒಂದು ಜೋಡಿ ಆದ್ರೆ ಒಂದು ಉಳಿದೇ ಉಳಿಯುತ್ತೆ.

ಬೇಜಾರಾಗಿದ್ದು ಎರಡು ವಿಷಯ. ಪ್ರೋಗ್ರಾಮಿಂಗ್ ಅಸೈನ್ಮೆಂಟ್‌ಗೆ ಕೊಟ್ಟ ಗ್ರಾಫ್‌ಗಳು ತುಂಬಾ ಚಿಕ್ಕವು, ಇಪ್ಪತ್ತು ನೋಡ್ ಇದ್ರೆ ಯಾವ ಕೋಡ್ ಆದ್ರೂ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಯುತ್ತೆ, ವ್ಯತ್ಯಾಸ ಕಾಣಲ್ಲ, ದೊಡ್ಡ ಗ್ರಾಫ್ ನಾನೇ ಮಾಡ್ಕೊಂಡು ಓಡಿಸಿ ನೋಡ್ಬೇಕಾಯ್ತು. ಎರಡನೇದು ಜಾಸ್ತಿ ನೋವು, ಎನ್‌ಪಿ-ಹಾರ್ಡ್ ಸಮಸ್ಯೆಗಳನ್ನೆಲ್ಲಾ (ಬೇಗ ಬಿಡಿಸೋ ವಿಧಾನ ಯಾರಿಗೂ ಗೊತ್ತಿಲ್ಲದವು) ಕೊನೇ ವಾರಕ್ಕೆ ತುರುಕಿದ್ರು. ಕ್ರಿಸ್ಟೋಫೈಡ್ಸ್ 1976ರಲ್ಲಿ ಕೊಟ್ಟ ವಿಧಾನ, ಅದೇ ಟಿಎಸ್‌ಪಿಗೆ (ಎಲ್ಲಾ ಊರು ಒಂದೊಂದ್ಸಲ ಸುತ್ತಿ ವಾಪಸ್ ಬರೋ ಅತಿ ಚಿಕ್ಕ ದಾರಿ), ನೇರ ದಾರಿಗಿಂತ ಸುತ್ತು ದಾರಿ ಚಿಕ್ಕದಾಗದೆ ಇದ್ದಾಗ, ಅತಿ ಚಿಕ್ಕದರ ಒಂದೂವರೆ ಪಟ್ಟಿನೊಳಗೆ ಉತ್ತರ ಕೊಡೋದು, ಅರ್ಧ ಗಂಟೇಲಿ ಮುಗಿಸಿದ್ರು. ಅದ್ರಲ್ಲಿ ಸ್ಪ್ಯಾನಿಂಗ್ ಟ್ರೀ ಇದೆ, ಬೆಸ ಡಿಗ್ರಿ ನೋಡ್‌ಗಳ (ಬೆಸ ಸಂಖ್ಯೆ ಎಡ್ಜ್ ಸೇರೋವು) ಮ್ಯಾಚಿಂಗ್ ಇದೆ, ಆಯ್ಲರ್ ಸುತ್ತು (ಪ್ರತಿ ಎಡ್ಜ್ ಮೇಲೂ ಒಂದೇ ಸಲ ಹೋಗೋದು) ಇದೆ, ಇಡೀ ಸೆಮಿಸ್ಟರ್ ಕಲಿತಿದ್ದು ಅಲ್ಲಿ ಒಟ್ಟಿಗೆ ಸೇರುತ್ತೆ, ಅದಕ್ಕೇ ಎರಡು ಕ್ಲಾಸ್ ಆದ್ರೂ ಬೇಕಿತ್ತು.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ತಗೊಳ್ಳೋರು ಬ್ಲಾಸಮ್ ವಾರ ಮಾತ್ರ ಕ್ಲಾಸ್ ತಪ್ಪಿಸ್ಬೇಡಿ, ನೋಟ್ಸ್ ಓದಿದ್ರೆ ತಲೆಗೆ ಹೋಗಲ್ಲ, ಸೈಕಲ್ ಮಡಚೋದನ್ನ, ಆಮೇಲೆ ಬಿಚ್ಚೋದನ್ನ ಬೋರ್ಡ್ ಮೇಲೇ ನೋಡ್ಬೇಕು.