ಮಿಟುಟೊಯೊ 103-137 ಮೈಕ್ರೋಮೀಟರ್: ಲೇತ್ ಕಲಿಯುವವರು ಮೊದಲು ಕೊಳ್ಳಬೇಕಾದ ಸಾಧನ

ಟರ್ನಿಂಗ್, ಟೂಲ್ ರೂಮ್ ಕೆಲಸ, ತಪಾಸಣೆ ವಿಭಾಗ, ಯಾವುದನ್ನು ಕಲಿಯಲು ಹೊರಟವರಾದರೂ ಸ್ವಂತಕ್ಕೆ ಒಂದೇ ಒಂದು ಅಳತೆ ಸಾಧನ ಕೊಳ್ಳುವುದಿದ್ದರೆ ಅದು ಬ್ಯಾಟರಿ ಇಲ್ಲದ, ಗೆರೆ ನೋಡಿ ಓದುವ 0–25 ಮಿಮೀ ಮೈಕ್ರೋಮೀಟರ್ ಆಗಿರಲಿ. ಆ ಬಗೆಯಲ್ಲಿ ಮಿಟುಟೊಯೊ 103-137 ಧೈರ್ಯವಾಗಿ ಕೊಳ್ಳಬಹುದಾದ ಸಾಧನ. ಅದರ ಮಿತಿಗಳೂ ಸಣ್ಣವಲ್ಲ, ಮುಂದೆ ಹೇಳುತ್ತೇವೆ.

ಮೊದಲು ಸಾಧನದ ವಿಚಾರ. ಥಿಂಬಲ್ (ಕೈಯಿಂದ ತಿರುಗಿಸುವ ಕೊಳವೆ) ಮೇಲೆ 50 ಭಾಗಗಳಿವೆ, ಸ್ಕ್ರೂ ಪಿಚ್ (ಒಂದು ಸುತ್ತಿಗೆ ಸ್ಕ್ರೂ ಮುಂದೆ ಸರಿಯುವ ದೂರ) 0.5 ಮಿಮೀ. ಹಾಗಾಗಿ ಒಂದು ಭಾಗವೆಂದರೆ 0.01 ಮಿಮೀ. ಕಂಪನಿ ಹೇಳುವ ನಿಖರತೆ ±2 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಆನ್ವಿಲ್ (ಅಲುಗದ ತುದಿ) ಮತ್ತು ಸ್ಪಿಂಡಲ್ (ಅದರತ್ತ ಸರಿಯುವ ಕಡ್ಡಿ) ಮುಖಗಳಿಗೆ ಕಾರ್ಬೈಡ್ ಕೂರಿಸಿದ್ದಾರೆ. ಆದ್ದರಿಂದ ಸವೆತ ತೀರಾ ನಿಧಾನ. ಆದರೆ ಕಾರ್ಬೈಡ್ ಪೆಡಸು, ಕೈಜಾರಿ ಕಾಂಕ್ರೀಟ್ ನೆಲಕ್ಕೆ ಬಿದ್ದರೆ ಅಂಚು ಚಕ್ಕೆ ಏಳುತ್ತದೆ. ತುದಿಯಲ್ಲಿ ರ‍್ಯಾಚೆಟ್ (ಒತ್ತಡ ಮಿತಿ ಮೀರದಂತೆ ಕಟಕಟ ಎಂದು ಜಾರುವ ಗುಬ್ಬಿ), ಫ್ರೇಮಿನಲ್ಲಿ ಸ್ಪಿಂಡಲ್ ಲಾಕ್. ಮ್ಯಾಟ್ ಕ್ರೋಮ್ ಮೇಲ್ಮೈಯಿಂದಾಗಿ ಟ್ಯೂಬ್‌ಲೈಟಿನ ಕೆಳಗೂ ಗೆರೆ ಹೊಳೆದು ಕಣ್ಣು ಕುಕ್ಕುವುದಿಲ್ಲ.

ವರ್ನಿಯರ್ ಕ್ಯಾಲಿಪರ್ ಇರುವಾಗ ಇದೇಕೆ ಬೇಕು? ಕ್ಯಾಲಿಪರಿನಲ್ಲಿ ಸ್ಕೇಲ್ ಒಂದು ಕಡೆ, ಜಾಬ್ (ಅಳೆಯಬೇಕಾದ ತುಂಡು) ಹಿಡಿಯುವ ದವಡೆ ಇನ್ನೊಂದು ಕಡೆ. ಸ್ವಲ್ಪ ಜಾಸ್ತಿ ಒತ್ತಿದರೆ ದವಡೆ ವಾಲುತ್ತದೆ, ಅಳತೆ ಕೆಡುತ್ತದೆ. ಮೈಕ್ರೋಮೀಟರಿನಲ್ಲಿ ಜಾಬ್ ಮತ್ತು ಅಳೆಯುವ ಸ್ಕ್ರೂ ಒಂದೇ ಗೆರೆಯಲ್ಲಿವೆ. ಜರ್ಮನ್ ಭೌತಶಾಸ್ತ್ರಜ್ಞ ಅರ್ನ್ಸ್ಟ್ ಆಬೆ ಹೇಳಿದ ತತ್ವ ಇದು. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದರೆ ಮುಂದೆ ಯಾವ ಹೊಸ ಅಳತೆ ಯಂತ್ರ ಎದುರಾದರೂ ಅದರ ತಪ್ಪು ಎಲ್ಲಿಂದ ಬರಬಹುದು ಎಂದು ಊಹಿಸಬಲ್ಲಿರಿ.

ಓದುವಾಗ ಕಲಿಯುವವರು ಸಾಮಾನ್ಯವಾಗಿ ಮಾಡುವ ತಪ್ಪು ಅರ್ಧ ಮಿಲಿಮೀಟರಿನದು. ಸ್ಲೀವ್ (ಥಿಂಬಲ್ ಒಳಗಿನ, ತಿರುಗದ ಕೊಳವೆ) ಮೇಲೆ ನಡುಗೆರೆಯ ಒಂದು ಬದಿಗೆ ಪೂರ್ಣ ಮಿಮೀ, ಇನ್ನೊಂದು ಬದಿಗೆ ಅರ್ಧ ಮಿಮೀ ಗೆರೆಗಳಿವೆ. 7.72 ಇರುವ ಜಾಬನ್ನು 7.22 ಎಂದು ಬರೆದುಬಿಡುವುದು ಸುಲಭ. ಕ್ಯಾಲಿಪರಿನಲ್ಲಿ ಮೊದಲು ಒರಟಾಗಿ ಅಳೆದು, ಆಮೇಲೆ ಮೈಕ್ರೋಮೀಟರ್ ಹಿಡಿಯುವ ರೂಢಿ ಇಟ್ಟುಕೊಂಡರೆ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಗೆರೆಗಳ ನಡುವಿನ ಜಾಗವನ್ನು ಕಣ್ಣಲ್ಲೇ ಐದು ಪಾಲು ಮಾಡಿ 2 ಮೈಕ್ರಾನ್‌ವರೆಗೆ ಅಂದಾಜಿಸುವುದು ಕೆಲವು ವಾರಗಳ ಅಭ್ಯಾಸಕ್ಕೆ ಬರುತ್ತದೆ. ತಲೆ ಓರೆಯಾಗಿಸಿ ನೋಡಿದರೆ ಮಾತ್ರ ಅಂದಾಜು ಹೋಯಿತು, ನೇರವಾಗಿ ನೋಡಬೇಕು.

ಸೊನ್ನೆ ಹೊಂದಿಸುವುದನ್ನು ದಿನಾ ಕೆಲಸಕ್ಕೆ ಮುಂಚೆ ಮಾಡಬೇಕು. ಎರಡು ಮುಖಗಳ ನಡುವೆ ಶುಭ್ರ ಕಾಗದ ಇಟ್ಟು, ಹಗುರವಾಗಿ ಮುಚ್ಚಿ, ಕಾಗದವನ್ನು ಮೆಲ್ಲಗೆ ಎಳೆಯಿರಿ. ಎಣ್ಣೆ, ಧೂಳು ಅದರೊಡನೆ ಬರುತ್ತವೆ. ನಂತರ ರ‍್ಯಾಚೆಟ್ಟನ್ನು ಎರಡು ಮೂರು ಬಾರಿ ಕಟಕಟ ಎನಿಸಿ ಮುಚ್ಚಿ ನೋಡಿ. ವ್ಯತ್ಯಾಸ 0.01 ಮಿಮೀ ಒಳಗಿದ್ದರೆ ಸ್ಲೀವ್ ಹಿಂಬದಿಯ ತೂತಿಗೆ ಸಣ್ಣ ಸ್ಪ್ಯಾನರ್ ಕೊಂಡಿ ಹಾಕಿ ಸ್ಲೀವನ್ನೇ ತಿರುಗಿಸಿ. ಅದಕ್ಕಿಂತ ಹೆಚ್ಚಿದ್ದರೆ ರ‍್ಯಾಚೆಟ್ ಸಡಿಲಿಸಿ ಥಿಂಬಲನ್ನು ಜರುಗಿಸಬೇಕು. ಒಮ್ಮೆ ಹೊಂದಿಸಿದ್ದು ಮತ್ತೆ ಮತ್ತೆ ತಪ್ಪುತ್ತಿದ್ದರೆ ಸ್ಪ್ಯಾನರ್ ಕೆಳಗಿಡಿ. ಮುಖದಲ್ಲಿ ಕೊಳೆ ಅಂಟಿದೆಯೋ, ಸಾಧನ ಬಿದ್ದು ಫ್ರೇಮ್ ಪೆಟ್ಟು ತಿಂದಿದೆಯೋ ಎಂದು ಮೊದಲು ಹುಡುಕಿ.

ರ‍್ಯಾಚೆಟ್ ಬಿಟ್ಟು ಥಿಂಬಲನ್ನೇ ಹಿಡಿದು ಬಿಗಿಯುವವರು ಬಹಳ. ಮೈಕ್ರೋಮೀಟರಿನ ಒತ್ತಡ 5ರಿಂದ 10 ನ್ಯೂಟನ್ ನಡುವೆ ಇರಬೇಕು, ರ‍್ಯಾಚೆಟ್ ಇರುವುದೇ ಅದಕ್ಕೆ. ಅದನ್ನು ಮೀರಿ ಬಿಗಿದರೆ ಫ್ರೇಮ್ ಬಾಗಿ, ಜಾಬ್ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ. ರ‍್ಯಾಚೆಟ್ಟನ್ನು ರಭಸದಿಂದ ತಿರುಗಿಸಿದರೂ ಇದೇ ಗತಿ. ಲಾಕ್ ಹಾಕಿ, ಒಂದೇ ಸೈಜಿಗೆ ಕಟ್ಟಿದ ಗೇಜ್ ಥರ ಜಾಬ್ ಮೇಲೆ ತುರುಕುವುದಂತೂ ಬೇಡವೇ ಬೇಡ.

ಇನ್ನು ಬಿಸಿ. ಇದನ್ನು ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಶಾಪ್ ಫ್ಲೋರಿನಲ್ಲಿ ಜಾಬ್ ರಿಜೆಕ್ಟ್ ಆಗುವುದು ಇದರಿಂದಲೇ. ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ್ದು. ಆಗಷ್ಟೇ ಟರ್ನ್ ಮಾಡಿದ, 40 ಡಿಗ್ರಿಯಲ್ಲಿರುವ 20 ಮಿಮೀ ಉಕ್ಕಿನ ಶಾಫ್ಟ್ ಸುಮಾರು 4.6 ಮೈಕ್ರಾನ್ ಉಬ್ಬಿರುತ್ತದೆ. ಅಲ್ಯೂಮಿನಿಯಂ ಆದರೆ 9 ಮೈಕ್ರಾನ್ ಮೀರುತ್ತದೆ. 20 ಮಿಮೀ ಶಾಫ್ಟ್‌ಗೆ ಎಚ್6 (ಸಣ್ಣ h, ಶಾಫ್ಟಿನ ಒಂದು ದರ್ಜೆ) ಟಾಲರೆನ್ಸ್, ಅಂದರೆ ಸೈಜಿನಲ್ಲಿ ಬಿಡಬಹುದಾದ ವ್ಯತ್ಯಾಸ, ಇರುವುದೇ ಸೊನ್ನೆಯಿಂದ ಮೈನಸ್ 13 ಮೈಕ್ರಾನ್. ಬಿಸಿಯಲ್ಲಿ ಅಳೆದು ಕೆಳಮಿತಿಗೆ ಸೈಜ್ ತಂದವರ ಜಾಬ್ ತಣ್ಣಗಾದ ಮೇಲೆ ಅಂಡರ್‌ಸೈಜ್. ಈ ಮಾದರಿಯ ಫ್ರೇಮಿಗೆ ಪ್ಲಾಸ್ಟಿಕ್ ಶಾಖಕವಚ ಇಲ್ಲದಿರುವುದು ನಮ್ಮ ಮುಖ್ಯ ದೂರು. ತುಂಬಾ ಹೊತ್ತು ಅಂಗೈಯಲ್ಲಿ ಹಿಡಿದರೆ ಫ್ರೇಮೂ ಬೆಚ್ಚಗಾಗುತ್ತದೆ. ಜಾಸ್ತಿ ಜಾಬ್ ಅಳೆಯುವಾಗ ಸ್ಟ್ಯಾಂಡಿಗೆ ಕಚ್ಚಿಸಿ ಬಳಸಿ, ಆದರೆ ಹಗುರವಾಗಿ ಕಚ್ಚಿಸಿ.

ಇದರಿಂದ ಆಗದ ಕೆಲಸಗಳಿವೆ. ಸೆಂಟರ್‌ಲೆಸ್ ಗ್ರೈಂಡಿಂಗ್ (ಸೆಂಟರಿನಲ್ಲಿ ಹಿಡಿಯದೆ ಎರಡು ಚಕ್ರಗಳ ನಡುವೆ ಉಜ್ಜುವುದು) ಮಾಡಿದ ಪಿನ್ ಕೆಲವೊಮ್ಮೆ ಮೂರು ಉಬ್ಬುಗಳ ಆಕಾರ ತಾಳುತ್ತದೆ. ಎದುರುಬದುರು ಎರಡೇ ಕಡೆ ಮುಟ್ಟುವ ಈ ಮೈಕ್ರೋಮೀಟರ್ ಎಲ್ಲಿ ಹಿಡಿದರೂ ಒಂದೇ ಸೈಜ್ ತೋರಿಸುತ್ತದೆ, ಪಿನ್ ಮಾತ್ರ ತೂತಿಗೆ ಇಳಿಯುವುದಿಲ್ಲ. ಅಂಥಲ್ಲಿ ಮೂರು ಕಡೆ ಮುಟ್ಟುವ ವಿ-ಆನ್ವಿಲ್ ಮೈಕ್ರೋಮೀಟರ್ ಬೇಕು. ಕೊಳವೆ ಗೋಡೆಯ ದಪ್ಪಕ್ಕೆ ಗುಂಡು ಆನ್ವಿಲ್, ಕಿರಿದಾದ ಗ್ರೂವ್‌ಗೆ ಬ್ಲೇಡ್ ಮಾದರಿ. ಥ್ರೆಡ್ಡಿನ ಪಿಚ್ ವ್ಯಾಸವನ್ನು (ಹಲ್ಲು ಮತ್ತು ಸಂದಿನ ಅಗಲ ಸಮವಾಗುವ ಕಡೆಯ ವ್ಯಾಸ) ಮಾತ್ರ ಮೂರು ತಂತಿಗಳ ನೆರವಿನಿಂದ ಇದರಲ್ಲೇ ಅಳೆಯಬಹುದು. ಕೈ ಪಳಗಲು ಅದು ಒಳ್ಳೆಯ ಅಭ್ಯಾಸ. ಎಚ್6 ಶಾಫ್ಟನ್ನು ಯಂತ್ರದ ಮೇಲೆ ಸೈಜಿಗೆ ತರಲು ±2 ಮೈಕ್ರಾನ್ ಸಾಕು. ಕೊನೆಯ ತಪಾಸಣೆಗೆ ಸಾಲದು. ಇದೇ ಸೈಜಿಗೆ 9 ಮೈಕ್ರಾನ್ ಮಾತ್ರ ಬಿಡುವ ಐಟಿ5 ದರ್ಜೆಯ ಕೆಲಸಕ್ಕೆ ಇದನ್ನು ನೆಚ್ಚಬೇಡಿ, ಗೇಜ್ ಬ್ಲಾಕ್‌ಗೆ (ನಿಖರ ಸೈಜಿನ ತುಂಡಿಗೆ) ಹೋಲಿಸಿ ಅಳೆಯುವ ಕಂಪ್ಯಾರೇಟರ್ ಹಿಡಿಯಿರಿ.

ಉದ್ಯೋಗದ ಮಾತಿಗೆ ಬಂದರೆ, ಇಲ್ಲಿ ಕಲಿತದ್ದು ಒಂದೊಂದು ಕಡೆ ಒಂದೊಂದು ರೂಪದಲ್ಲಿ ಕೆಲಸಕ್ಕೆ ಬರುತ್ತದೆ. ಸಿಎನ್‌ಸಿ ಸೆಟ್ಟರ್ (ಕಂಪ್ಯೂಟರ್ ನಡೆಸುವ ಯಂತ್ರ ಹೊಂದಿಸುವವರು) ಆದವರು ಅಳತೆಯ ವ್ಯತ್ಯಾಸವನ್ನು ನೇರ, ಟೂಲ್ ಸವೆತ ತಿದ್ದುವ ವೇರ್ ಆಫ್‌ಸೆಟ್‌ಗೆ ಹಾಕುತ್ತಾರೆ: ಬೇಕಿರುವುದು 19.994, ಬಂದಿರುವುದು 20.018 ಆದರೆ ವ್ಯಾಸದ ದಿಕ್ಕಿನ ಎಕ್ಸ್‌ನಲ್ಲಿ ಮೈನಸ್ 0.024. ಯಂತ್ರ ತ್ರಿಜ್ಯದ ಲೆಕ್ಕದಲ್ಲಿದ್ದರೆ ಅದರ ಅರ್ಧ. ಇಲ್ಲಿ ಒಂದೇ ಒಂದು ಅಳತೆ ನಂಬಿ ಆಫ್‌ಸೆಟ್ ತಿದ್ದುವವರು ತಮ್ಮ ಕೈತಪ್ಪನ್ನೇ ಯಂತ್ರಕ್ಕೆ ಕಲಿಸುತ್ತಾರೆ. ಮರುದಿನ ಸೈಜ್ ಆ ಕಡೆ ಈ ಕಡೆ ಜೀಕುತ್ತದೆ. ಟೂಲ್ ಅಂಡ್ ಡೈ ಕೆಲಸದಲ್ಲಿ ಪಂಚ್ ಮತ್ತು ಡೈ ನಡುವಿನ ಸಂದು ಕಾಯುವುದು ಇದೇ ಕೈ.

ತಪಾಸಣೆ ವಿಭಾಗಕ್ಕೆ ಹೋಗುವ ಆಸೆಯಿದ್ದರೆ ಈಗಲೇ ಒಂದು ಪ್ರಯೋಗ ಮಾಡಿ. ಹತ್ತು ಜಾಬ್, ಮೂವರು, ಪ್ರತಿಯೊಬ್ಬರೂ ಮೂರು ಸಲ, ಹಿಂದಿನ ಅಂಕಿ ನೋಡದೆ ಅಳೆಯಿರಿ. ಇದೇ ಗೇಜ್ ಆರ್ ಅಂಡ್ ಆರ್, ಅಂದರೆ ಅಳತೆ ಎಷ್ಟು ಸ್ಥಿರ ಎಂಬ ಪರೀಕ್ಷೆ. ಟಾಲರೆನ್ಸಿನಲ್ಲಿ ಅಳತೆಯ ಏರಿಳಿತವೇ 10 ಶೇಕಡಾಕ್ಕಿಂತ ಕಡಿಮೆ ನುಂಗಿದರೆ ಒಳ್ಳೆಯದು, 30 ದಾಟಿದರೆ ಆ ಅಳತೆ ವಿಧಾನ ಬಳಸಲು ಯೋಗ್ಯವಲ್ಲ. ಮೂವರ ಸರಾಸರಿ ಬೇರೆ ಬೇರೆ ಬಂದರೆ ಹೆಚ್ಚಾಗಿ ಕಾರಣ ರ‍್ಯಾಚೆಟ್ ಬಳಸುವ ರೀತಿ. ಒಬ್ಬರದೇ ಮೂರು ಅಳತೆ ಚದುರಿದರೆ ಕೊಳೆ, ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ), ಇಲ್ಲವೇ ಜಾಬ್ ಓರೆ ಹಿಡಿದದ್ದು.

ಅಳತೆ ಸಾಧನಗಳನ್ನೇ ಪರೀಕ್ಷಿಸುವ ಕ್ಯಾಲಿಬ್ರೇಷನ್ ಲ್ಯಾಬ್ ಇನ್ನೊಂದು ದಾರಿ. ಅಲ್ಲಿ ಈ ಮೈಕ್ರೋಮೀಟರನ್ನು 2.5, 5.1, 7.7, 10.3, 12.9, 15, 17.6, 20.2, 22.8, 25 ಮಿಮೀ ಗೇಜ್ ಬ್ಲಾಕ್‌ಗಳಿಂದ ಪರೀಕ್ಷಿಸುತ್ತಾರೆ. 5, 10, 15 ಎಂದು ನೇರ ಅಂಕಿ ತೆಗೆದುಕೊಂಡರೆ ಥಿಂಬಲ್ ಪ್ರತಿ ಸಲ ಸೊನ್ನೆಗೇ ಬಂದು ನಿಲ್ಲುತ್ತದೆ. ಸುತ್ತಿನ ನಡುವೆ ಸ್ಕ್ರೂ ತಪ್ಪಿದ್ದರೆ ಗೊತ್ತಾಗುವುದೇ ಇಲ್ಲ. ಅದಕ್ಕೇ ಈ ವಿಚಿತ್ರವಾಗಿ ಕಾಣುವ ಅಂಕಿಗಳು. ಮುಖದ ಸಮತಟ್ಟನ್ನು ಆಪ್ಟಿಕಲ್ ಫ್ಲ್ಯಾಟ್ (ತೀರಾ ಸಮತಟ್ಟಾದ ಗಾಜು) ಇಟ್ಟು ಬಣ್ಣದ ಪಟ್ಟೆ ಎಣಿಸಿ ನೋಡುತ್ತಾರೆ, ಒಂದು ಪಟ್ಟೆಗೆ ಸುಮಾರು 0.32 ಮೈಕ್ರಾನ್.

ಡಿಜಿಟಲ್ ಮಾದರಿ ವೇಗದ್ದು, ಅಂಕಿಯನ್ನು ಕಂಪ್ಯೂಟರಿಗೆ ಕಳಿಸುತ್ತದೆ, ಉತ್ಪಾದನೆಯ ಸಾಲಿನಲ್ಲಿ ಅದೇ ಸರಿ. ಆದರೆ ಪರದೆಯ ಮೇಲೆ ಮೂರನೆಯ ದಶಮಾಂಶ ಸ್ಪಷ್ಟವಾಗಿ ಮೂಡಿದಾಗ ಕಲಿಯುವವರು ಅದನ್ನು ಪ್ರಶ್ನಿಸುವುದಿಲ್ಲ. ಎರಡನೆಯ ಸಾಧನವಾಗಿ ಅದನ್ನು ಕೊಳ್ಳಿ.

ಕೊಳ್ಳುವಾಗ ಪೆಟ್ಟಿಗೆ ತೆರೆದು ನೋಡಿ: ಥಿಂಬಲ್ ಪೂರ್ತಿ 25 ಮಿಮೀ ಉದ್ದಕ್ಕೂ ಒಂದೇ ಸಮನೆ ಹಗುರವಾಗಿ ತಿರುಗಬೇಕು, ಲಾಕ್ ಹಾಕಿದಾಗ ಓದಿಕೆ ಜರುಗಬಾರದು, ಮುಚ್ಚಿದ ಮುಖಗಳ ನಡುವೆ ಬೆಳಕಿನ ಎಳೆ ಕಾಣಬಾರದು. ಸ್ಪ್ಯಾನರ್ ಜೊತೆಗಿದೆಯೇ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಕೂಲಂಟ್ ಒರೆಸಿ, ಸ್ಪಿಂಡಲ್‌ಗೆ ತೆಳು ಎಣ್ಣೆ ಸವರಿ, ಮುಖಗಳ ನಡುವೆ ಒಂದು ಮಿಲಿಮೀಟರ್‌ನಷ್ಟು ಸಂದು ಬಿಟ್ಟು, ಲಾಕ್ ಸಡಿಲವಾಗಿಟ್ಟು ಪೆಟ್ಟಿಗೆಗೆ ಸೇರಿಸಿ.