ಐಸಿಟಿಸಿ: ಪುಕ್ಕಟೆ ಪರೀಕ್ಷೆ, ದುಡ್ಡು ಕೊಟ್ಟರೂ ಸಿಗದ ಮಾತು

ಎಚ್‌ಐವಿ ಬಂದುಬಿಟ್ಟಿದೆಯೇನೋ ಅಂತ ಹೆದರಿ, ರಾತ್ರಿಯೆಲ್ಲ ಮೊಬೈಲ್ ನೋಡುತ್ತಾ ಕೂತವರಿಗೆ ಇದನ್ನು ಬರೆಯುತ್ತಿದ್ದೇನೆ. ಒಂದು ಕಡೆ ದುಡ್ಡು ಕೊಟ್ಟು, ಇನ್ನೊಂದು ಕಡೆ ಪುಕ್ಕಟೆ, ಎರಡೂ ಕಡೆ ಎಚ್‌ಐವಿ ಪರೀಕ್ಷೆ ಮಾಡಿಸಿದ್ದೇನೆ. ನನ್ನ ಓಟು ಪುಕ್ಕಟೆಯದ್ದಕ್ಕೆ, ಅಂದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮದುವೆಯಾಗಿಲ್ಲ. ಬೇರೆ ಊರಿಗೆ ಹೋದಾಗ ಪರಿಚಯವಾದವರೊಬ್ಬರ ಜೊತೆ ಒಂದು ರಾತ್ರಿ ಕಳೆದೆ. ಕಾಂಡೋಮ್ ಇತ್ತು, ಹರಿದಿರಲಿಲ್ಲ. ಅವರು ಓರಲ್ ಮಾಡಿದಾಗ ಮಾತ್ರ ಇರಲಿಲ್ಲ. ಆ ಒಂದು ವಿಷಯಕ್ಕೆ ತಲೆಯಲ್ಲಿ ಹುಳ ಬಿಟ್ಟುಕೊಂಡೆ. ಗಂಟಲು ಕೆರೆದರೆ ಅದೇ, ಬೆವರುಸಾಲೆ ಎದ್ದರೆ ಅದೇ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಬೆವರುಸಾಲೆ ಏಳದವರು ಯಾರಿದ್ದಾರೆ ಹೇಳಿ! ಆದರೂ ಬಚ್ಚಲಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ನಾಲಿಗೆ ನೋಡಿಕೊಳ್ಳುತ್ತಿದ್ದೆ.

ಮೊದಲು ಹೋಗಿದ್ದು ಒಂದು ಖಾಸಗಿ ಲ್ಯಾಬಿಗೆ. ಹೆಸರು ಬೇಡ. ಕೌಂಟರ್‌ನಲ್ಲಿದ್ದ ಹುಡುಗ ನಾಲ್ಕು ಜನ ಕೇಳುವ ಹಾಗೆ ‘ಎಚ್‌ಐವಿನಾ ಸರ್?’ ಅಂದ. ಜೊತೆಗೆ ಲಿವರ್, ಥೈರಾಯ್ಡ್ ಎಲ್ಲ ಸೇರಿಸಿ ಪ್ಯಾಕೇಜ್ ಹೇಳಿದ. ಮುಖ ತಗ್ಗಿಸಿಕೊಂಡು ಹೂಂ ಅಂದೆ. ಸಂಜೆ ವಾಟ್ಸಾಪ್‌ಗೆ ಪಿಡಿಎಫ್ ಬಂತು. ‘ನಾನ್ ರಿಯಾಕ್ಟಿವ್’, ಅಂದರೆ ನೆಗೆಟಿವ್. ಪಕ್ಕದಲ್ಲಿ 0.18. ಲೆಕ್ಕದವನ ಕಣ್ಣು ಎಲ್ಲಿಗೆ ಹೋಗುತ್ತೆ? ಸೊನ್ನೆ ಯಾಕಿಲ್ಲ, ಆ 18 ಎಲ್ಲಿಂದ ಬಂತು? ಫೋನ್ ಮಾಡಿದರೆ ‘ನಾರ್ಮಲ್ ಇದೆ ಸರ್’ ಅಂದು ಇಟ್ಟರು. ಅವತ್ತೂ ನಿದ್ದೆ ಇಲ್ಲ.

ಆಮೇಲೆ 1097ಕ್ಕೆ ಫೋನ್ ಮಾಡಿದೆ. ಏಡ್ಸ್ ಸಹಾಯವಾಣಿ, ಟೋಲ್ ಫ್ರೀ. ಅವರು ಐಸಿಟಿಸಿಗೆ ಹೋಗಿ ಅಂದರು. ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ. ಜಿಲ್ಲಾ ಆಸ್ಪತ್ರೆಗಳಲ್ಲಿರುತ್ತೆ, ತಾಲ್ಲೂಕು ಆಸ್ಪತ್ರೆಗಳಲ್ಲೂ ಇರುತ್ತೆ. ನಮ್ಮೂರಲ್ಲಿ ಯಾರಾದರೂ ಗುರುತಿನವರು ಸಿಕ್ಕಾರು ಅಂತ ಬಸ್ ಹತ್ತಿ ಪಕ್ಕದ ತಾಲ್ಲೂಕಿಗೆ ಹೋದೆ. ಯಾವುದು ಅಂತ ಕೇಳಬೇಡಿ.

ಬಾಗಿಲ ಹೊರಗಿನ ಬೆಂಚಿನ ತುಂಬ ತಾಯಿ ಕಾರ್ಡ್ ಹಿಡಿದ ಬಸುರಿಯರು, ಅವರ ಅತ್ತೆ-ಅವ್ವಂದಿರು. ಬಸುರಿಯರಿಗೆಲ್ಲ ಈ ಪರೀಕ್ಷೆ ಮಾಡುತ್ತಾರೆ, ಟಿಬಿಯವರಿಗೂ ಮಾಡುತ್ತಾರೆ. ಅಲ್ಲಿ ಕೂತವರನ್ನು ನೋಡಿ ಯಾಕೆ ಬಂದಿದ್ದಾರೆ ಅಂತ ಯಾರಿಗೂ ಗೊತ್ತಾಗಲ್ಲ. ಒಬ್ಬ ಅಜ್ಜಿ ನನ್ನನ್ನು ನೋಡಿ ‘ಹೆಂಡ್ತಿ ಒಳಗದಾಳೇನಪ್ಪಾ?’ ಅಂತ ಕೇಳಿತು. ಹೌದಜ್ಜಿ ಅಂದೆ.

ಒಳಗೆ ಸಮಾಲೋಚಕಿ ಮೇಡಂ ಬಾಗಿಲು ಹಾಕಿಕೊಂಡು ಮಾತಾಡಿಸಿದರು. ಪೂರ್ತಿ ಸಲೀಸಾಗಿ. ಕಾಂಡೋಮ್ ಹಾಕಿದ್ರಾ, ಓರಲ್ ಯಾರು ಮಾಡಿದ್ದು, ಬಾಯಲ್ಲಿ ಗಾಯ-ರಕ್ತ ಏನಾದರೂ ಇತ್ತಾ, ಎಲ್ಲಾನೂ ಮೆಕ್ಕೆಜೋಳದ ರೇಟು ಕೇಳಿದ ಹಾಗೆ ಕೇಳಿದರು. ಎಂಜಲಿಂದ ಎಚ್‌ಐವಿ ಬರಲ್ಲ, ನೀವು ಹೇಳಿದ ರೀತಿಯಲ್ಲಿ ಅಪಾಯ ತೀರಾ ಕಡಿಮೆ ಅಂದರು. ಮೊಬೈಲ್ ತೆಗೆದು 0.18 ತೋರಿಸಿದೆ. ನಕ್ಕರು. ‘ನೋಡಪ್ಪಾ, ಇದು ವೈರಸ್ ಎಷ್ಟಿದೆ ಅನ್ನೋ ಲೆಕ್ಕ ಅಲ್ಲ. ಮಿಷನ್ ಕೊಡೋ ಅಂಕಿ. ಈ ಪರೀಕ್ಷೇಲಿ ಒಂದರ ಒಳಗಿದ್ರೆ ನಾನ್ ರಿಯಾಕ್ಟಿವ್. 0.1 ಬಂದ್ರೂ ಅದೇ, 0.5 ಬಂದ್ರೂ ಅದೇ.’ ಇಷ್ಟು ಹೇಳೋಕೆ ಲ್ಯಾಬಿನವರಿಗೆ ಏನಾಗಿತ್ತೋ!

ಲ್ಯಾಬಲ್ಲಿ ಮಾಡಿದ್ದು ನಾಲ್ಕನೇ ತಲೆಮಾರಿನ ಪರೀಕ್ಷೆ. ಅದು ವೈರಸ್‌ನ ಅಂಶವನ್ನೂ, ಅದರ ವಿರುದ್ಧ ದೇಹ ಹುಟ್ಟಿಸೋ ಪ್ರತಿಕಾಯವನ್ನೂ ಹುಡುಕುತ್ತೆ. ಕೈಯ ರಕ್ತನಾಳದಿಂದ ರಕ್ತ ತೆಗೆದು ಮಾಡಿದರೆ, ಸಂಪರ್ಕವಾಗಿ 45 ದಿನ ಕಳೆದ ಮೇಲೆ ಅದರ ಫಲಿತಾಂಶ ನಂಬಬಹುದು. ಇಲ್ಲಿನ ರ‍್ಯಾಪಿಡ್ ಕಿಟ್ ಪ್ರತಿಕಾಯ ಮಾತ್ರ ಹುಡುಕುತ್ತೆ, ಹಾಗಾಗಿ 90 ದಿನ ಬೇಕು. ನಾನು ಹೋದಾಗ ಅಷ್ಟಾಗಿರಲಿಲ್ಲ. ಫಾರಂಗೆ ಸಹಿ ಹಾಕಿಸಿಕೊಂಡು ಪರೀಕ್ಷೆ ಮಾಡಿದರು, ಮೂರು ತಿಂಗಳು ದಾಟಿದ ಮೇಲೆ ಮತ್ತೆ ಬನ್ನಿ ಅಂದರು. ರಿಸಲ್ಟ್ ಅದೇ ದಿನ, ಅದೂ ನನ್ನ ಕೈಗೇ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ಬಿಡಬಾರದು ಅಂತ 2017ರ ಕಾನೂನೇ ಇದೆಯಂತೆ.

ಮೂರು ತಿಂಗಳಾದ ಮೇಲೆ ಮಾಡಿಸಿದ್ದೂ ನೆಗೆಟಿವ್ ಬಂತು. ಆಗಲೂ ನಾನು ‘ಕಿಟ್ ತಪ್ಪಾಗಿದ್ದರೆ?’ ಅಂತ ಶುರು ಮಾಡಿದೆ. ಮೇಡಂ ಮತ್ತೆ ಪರೀಕ್ಷೆ ಮಾಡಲು ಒಪ್ಪಲಿಲ್ಲ. ‘ನಿಮ್ಮ ರಕ್ತ ಸರಿಯಿದೆ, ನಿದ್ದೆ ಸರಿಯಿಲ್ಲ. ಅದಕ್ಕೆ ಡಾಕ್ಟ್ರು ಬೇರೆ’ ಅಂತ ಹೇಳಿ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ನಂಬರ್ 14416 ಚೀಟಿಯಲ್ಲಿ ಬರೆದುಕೊಟ್ಟರು. ಗಿರಾಕಿ ಕೇಳಿದ್ದನ್ನು ಇಲ್ಲ ಅನ್ನೋ ಸೇವೆ ಖಾಸಗಿಯಲ್ಲಿ ಸಿಗುತ್ತಾ? ಅಲ್ಲಾಗಿದ್ದರೆ ಇನ್ನೊಂದು ಪ್ಯಾಕೇಜ್ ಕೊಡುತ್ತಿದ್ದರು. ಆ ನಂಬರಿಗೆ ಮಾಡಿದೆ, ಈಗ ಪರವಾಗಿಲ್ಲ. ನಾಲಿಗೆ ನೋಡೋದು ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಬೋರ್ಡಿಗೆ. ಕಾರಿಡಾರ್ ಕೊನೆಯಲ್ಲಿ, ಔಷಧಿ ರಟ್ಟಿನ ಡಬ್ಬಗಳ ಹಿಂದೆ ಇಟ್ಟರೆ ಯಾರಿಗೆ ಕಾಣಬೇಕು? ಮೊದಲೇ ಹೆದರಿ ಬಂದವನು ‘ಐಸಿಟಿಸಿ ಎಲ್ಲಿ’ ಅಂತ ಕಂಡಕಂಡವರನ್ನು ಕೇಳುತ್ತಾ ಹೋಗೋಕಾಗುತ್ತಾ? ಹೋಗುವವರು ಬೆಳಿಗ್ಗೆಯೇ ಹೋಗಿ. ಕಾಂಡೋಮ್ ಹರಿದಿದ್ದರೆ ಅಥವಾ ಹಾಕೇ ಇಲ್ಲದಿದ್ದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, ಸೀದಾ ಕ್ಯಾಶುವಾಲ್ಟಿಗೆ ಹೋಗಿ ಪಿಇಪಿ ಬಗ್ಗೆ ಕೇಳಿ. ಎಚ್‌ಐವಿ ತಗುಲದ ಹಾಗೆ ತಡೆಯೋಕೆ, ಡಾಕ್ಟ್ರು ಬೇಕು ಅಂದರೆ ಕೊಡೋ 28 ದಿನದ ಮಾತ್ರೆ ಅದು. 72 ಗಂಟೆ ಒಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.