ಕೊಡಚಾದ್ರಿಯೋ, ಕುಂದಾದ್ರಿಯೋ?

ಮಲೆನಾಡಿನಲ್ಲಿ ಕಳೆಯಲು ಒಂದೇ ದಿನವಿದ್ದು, ಬೆಟ್ಟವೊಂದನ್ನು ಹತ್ತಲೇಬೇಕೆಂದಿರುವವರು ಹೊಸನಗರ ತಾಲ್ಲೂಕಿನ ಕೊಡಚಾದ್ರಿ ಮತ್ತು ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಗಳ ನಡುವೆ ಯಾವುದೆಂದು ತೋಚದೆ ಕೂರುವುದುಂಟು. ಕೊಡಚಾದ್ರಿಯ ಎತ್ತರ 1343 ಮೀಟರ್; ಕುಂದಾದ್ರಿಯದು 826 ಮೀಟರ್. ಆದರೆ ಎತ್ತರಕ್ಕಿಂತ ಕಾಲಿನ ಕಸುವನ್ನೂ ಋತುವನ್ನೂ ನೋಡಿ ನಿರ್ಧರಿಸುವುದು ಮೇಲು.

ಕುಂದಾದ್ರಿಯ ನೆತ್ತಿಯ ಸಮೀಪದವರೆಗೂ ವಾಹನ ಹೋಗುತ್ತದೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಾರ್ಶ್ವನಾಥ ಬಸದಿಯೂ ಬಂಡೆಯ ಮೇಲಿನ ಕೊಳವೂ ಎದುರಾಗುತ್ತವೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಇದೇ ಸರಿ.

ಕೊಡಚಾದ್ರಿಯ ಮಾತೇ ಬೇರೆ. ಕೊರಕಲು ದಾರಿಯಲ್ಲಿ ಮೈಯೆಲ್ಲ ಕುಲುಕಿಸುವ ಜೀಪು (ಸೊಂಟನೋವಿರುವವರಿಗೆ ಇದು ಶಿಕ್ಷೆಯೇ ಸರಿ) ಮೂಲ ಮೂಕಾಂಬಿಕೆಯ ಗುಡಿಯ ಬಳಿ ನಿಲ್ಲುತ್ತದೆ. ಶಂಕರಾಚಾರ್ಯರು ತಪಸ್ಸು ಮಾಡಿದರೆಂಬ ಪ್ರತೀತಿಯ ಸರ್ವಜ್ಞ ಪೀಠದ ಕಲ್ಲುಮಂಟಪವನ್ನು ತಲುಪಲು ಮುಂದೆ ನಡೆಯಲೇಬೇಕು. ಕಣಿವೆಗಳಲ್ಲಿ ಶೋಲಾ ಎಂಬ ಕುಳ್ಳು ಮರಗಳ ದಟ್ಟ ಕಾಡು, ದಿಬ್ಬಗಳಲ್ಲಿ ಬರೀ ಹುಲ್ಲು. ಆಕಾಶ ತಿಳಿಯಾಗಿದ್ದರೆ ಪಡುವಣದಲ್ಲಿ ಕಡಲಿನ ಗೆರೆ. ಕೆಳಗಿನ ದಟ್ಟ ಕಾಡಿನಲ್ಲಿ ಸಿಂಗಳೀಕಗಳಿವೆಯಾದರೂ ಕಾಣುವುದು ಅದೃಷ್ಟವಿದ್ದವರಿಗೆ.

ಕಾಣುವ ಖಾತ್ರಿಯಿರುವ ಜೀವಿಯೆಂದರೆ ಮಳೆಗಾಲದ ಉಂಬಳ, ಅಂದರೆ ರಕ್ತ ಹೀರುವ ಕಾಡುಜಿಗಣೆ. ಎಲೆಯಂಚಿನಲ್ಲಿ ದಾರದಂತೆ ನಿಮಿರಿ ನಿಂತು, ತಾಗಿದ ಕಾಲಿಗೆ ಅಂಟಿಕೊಂಡು, ಕಾಲುಚೀಲದ ಒಳಕ್ಕೆ ಸದ್ದಿಲ್ಲದೆ ಇಳಿಯುತ್ತದೆ. ಅದು ಉದುರಿದ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ. ಉಪ್ಪಿನ ಪೊಟ್ಟಣವೊಂದು ಜೇಬಿನಲ್ಲಿರಲಿ.

ಆದ್ದರಿಂದ ಜುಲೈನಲ್ಲಿ ಬರುವವರು ಕುಂದಾದ್ರಿಯ ಮಂಜನ್ನು ನೋಡಿ, ಹತ್ತಿರದ ಆಗುಂಬೆಗೆ ಹೋಗುವುದು ಒಳಿತು. ಡಿಸೆಂಬರ್‌ನಲ್ಲಿ ಬರುವ ಗಟ್ಟಿಗರಿಗೆ ನಾನು ಕೊಡಚಾದ್ರಿಯನ್ನೇ ಹೇಳುತ್ತೇನೆ.